ಹಾವಿಗೆ ಬೆಚ್ಚುವ ಮನಸ್ಸು ಸ್ವಿಚ್ಚಿಗೇಕೆ ಬೆಚ್ಚುವುದಿಲ್ಲ?

ಮನುಷ್ಯನ ಮನಸ್ಸು, ನಡವಳಿಕೆ ಮತ್ತು ವಿಕಾಸದ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಒಂದೇ ಅರ್ಥ ಬರುವ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ಹಾವಿನ ಭಯ ಹುಟ್ಟಿನಿಂದ ಬಂದದ್ದೋ, ದೊಡ್ಡವರನ್ನು ನೋಡಿ ಕಲಿತದ್ದೋ? ವಿದ್ಯುತ್ ಸ್ವಿಚ್ಚು, ವೇಗವಾಗಿ ಬರುವ ವಾಹನ ಇವೆಲ್ಲ ಅಷ್ಟೇ ಅಪಾಯ. ಆದರೂ ಮಕ್ಕಳಿಗೆ ಅವುಗಳ ಭಯವೇ ಇಲ್ಲವಲ್ಲ?

ಉತ್ತರ: ಎರಡೂ ಸೇರಿದೆ. ಹೇಗೆ ಸೇರಿದೆ ಎನ್ನುವುದನ್ನು 1980ರ ದಶಕದಲ್ಲಿ ಸೂಸನ್ ಮಿನೇಕಾ ಮತ್ತು ಮೈಕೆಲ್ ಕುಕ್ ಎಂಬ ಮನೋವಿಜ್ಞಾನಿಗಳು ರೀಸಸ್ ಕೋತಿಗಳಲ್ಲಿ ಹಂತ ಹಂತವಾಗಿ ಬಿಡಿಸಿ ತೋರಿಸಿದರು.

ಕಾಡಿನಲ್ಲಿ ಹುಟ್ಟಿದ ಕೋತಿಗಳು ಹಾವು ಕಂಡರೆ ಹಿಂದೆ ಸರಿಯುತ್ತಿದ್ದವು. ಪ್ರಯೋಗಾಲಯದಲ್ಲೇ ಹುಟ್ಟಿ ಬೆಳೆದ ಕೋತಿಗಳು ಮಾತ್ರ ಹಾವಿನ ಆಚೆ ಇಟ್ಟ ತಿಂಡಿಗೆ ಸಲೀಸಾಗಿ ಕೈ ಚಾಚುತ್ತಿದ್ದವು. ಅಂದರೆ ಭಯ ಹುಟ್ಟಿನಿಂದ ಬಂದಿರಲಿಲ್ಲ. ಮುಂದಿನ ಹಂತದಲ್ಲಿ, ಹಾವಿಗೆ ಹೆದರುವ ಕೋತಿಯೊಂದನ್ನು ಈ ಧೈರ್ಯವಂತ ಕೋತಿಗಳಿಗೆ ತೋರಿಸಿದರು. ಕೆಲವೇ ನಿಮಿಷ ನೋಡಿದ ಮೇಲೆ ಇವುಗಳಿಗೂ ಭಯ ಹತ್ತಿತು, ತಿಂಗಳುಗಳ ನಂತರವೂ ಹೋಗಲಿಲ್ಲ.

ಪ್ರಯೋಗದ ತಿರುಳು ಇರುವುದು ಮೂರನೆಯ ಹಂತದಲ್ಲಿ. ಕೋತಿ ಹೆದರುತ್ತಿರುವ ದೃಶ್ಯವನ್ನು ವಿಡಿಯೊದಲ್ಲಿ ಹಿಡಿದು, ಅದರ ಮುಂದೆ ಇದ್ದ ವಸ್ತುವನ್ನಷ್ಟೇ ಬದಲಿಸಿದರು. ಒಂದು ವಿಡಿಯೊದಲ್ಲಿ ಕೋತಿ ಆಟಿಕೆ ಹಾವಿಗೆ ಹೆದರಿದಂತೆ ಕಾಣುತ್ತದೆ, ಇನ್ನೊಂದರಲ್ಲಿ ಹೂವಿಗೆ. ಭಯದ ಅಭಿನಯ ಅದೇ, ಅವಧಿಯೂ ಅದೇ. ಮೊದಲನೆಯದನ್ನು ನೋಡಿದ ಕೋತಿಗಳು ಹಾವಿನ ಭಯ ಕಲಿತವು. ಎರಡನೆಯದನ್ನು ನೋಡಿದವು ಹೂವಿನ ಭಯ ಕಲಿಯಲಿಲ್ಲ. ಆಟಿಕೆ ಮೊಸಳೆ ಮತ್ತು ಆಟಿಕೆ ಮೊಲ ಇಟ್ಟಾಗಲೂ ಹೀಗೇ ಆಯಿತು: ಮೊಸಳೆಯ ಭಯ ಅಂಟಿತು, ಮೊಲದ್ದು ಅಂಟಲಿಲ್ಲ.

ಹಾಗಾಗಿ ವಿಕಾಸ ನಮಗೆ ಕೊಟ್ಟಿರುವುದು ಸಿದ್ಧ ಭಯವನ್ನಲ್ಲ, ಕೆಲವು ಭಯಗಳನ್ನು ಬೇಗ ಕಲಿಯುವ ಒಲವನ್ನು. 1966ರಲ್ಲಿ ಜಾನ್ ಗಾರ್ಸಿಯಾ ಮತ್ತು ರಾಬರ್ಟ್ ಕೋಲಿಂಗ್ ಇಲಿಗಳಲ್ಲೂ ಇದನ್ನೇ ಕಂಡಿದ್ದರು. ಇಲಿ ರುಚಿ ಬೆರೆಸಿದ ನೀರು ಕುಡಿಯುವಾಗ ಬೆಳಕು ಮಿನುಗಿ ಸದ್ದಾಗುತ್ತಿತ್ತು. ಆಮೇಲೆ ವಾಕರಿಕೆ ಬರಿಸಿದ ಇಲಿಗಳು ಆ ರುಚಿಯ ನೀರನ್ನು ಬಿಟ್ಟವು, ಬೆಳಕು-ಸದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಾಲಿಗೆ ಶಾಕ್ ಕೊಟ್ಟ ಇಲಿಗಳು ಬೆಳಕು-ಸದ್ದನ್ನು ದೂರವಿಟ್ಟವು, ರುಚಿಯನ್ನು ದೂರಲಿಲ್ಲ. ಹೊಟ್ಟೆ ಕೆಟ್ಟರೆ ತಿಂದದ್ದನ್ನು ಅನುಮಾನಿಸು, ಚರ್ಮ ನೊಂದರೆ ಕಂಡದ್ದನ್ನೂ ಕೇಳಿದ್ದನ್ನೂ ಅನುಮಾನಿಸು ಎಂಬ ಒಲವು ಆ ಮಿದುಳಿನಲ್ಲಿ ಮೊದಲೇ ಇತ್ತು.

ಸ್ವಿಚ್ಚಿನ ವಿಷಯ ಇಲ್ಲಿಗೆ ಬಂದು ನಿಲ್ಲುತ್ತದೆ. ಹಾವುಗಳ ಜೊತೆ ನಮ್ಮ ಪೂರ್ವಜರ ಒಡನಾಟ ಕೋಟ್ಯಂತರ ವರ್ಷಗಳದ್ದು. ಮನೆಯೊಳಗಿನ ವಿದ್ಯುತ್ತಿಗೆ ನೂರೈವತ್ತು ವರ್ಷವೂ ತುಂಬಿಲ್ಲ, ಅಂದರೆ ಆರೇಳು ತಲೆಮಾರು. ಅಷ್ಟರಲ್ಲಿ ಇಂಥ ಒಲವು ಬೆಳೆಯುವುದಿಲ್ಲ. ಆದ್ದರಿಂದ ಸ್ವಿಚ್ಚು, ರಸ್ತೆ, ಬಿಸಿನೀರಿನ ವಿಷಯದಲ್ಲಿ ಮಗು ತಾನಾಗಿ ಹುಷಾರಾಗುತ್ತದೆಂದು ಕಾಯಬೇಡಿ. ಒಮ್ಮೆ ಹೇಳಿದರೆ ಸಾಲದು, ಹಲವು ಸಲ ಹೇಳಬೇಕು. ಅದಕ್ಕೂ ಮೊದಲು ಮುಚ್ಚಳ, ಅಡ್ಡಗಟ್ಟು ಹಾಕಬೇಕು. ಹುಳು-ಹಾವುಗಳ ವಿಷಯದಲ್ಲಿ ಎಚ್ಚರ ಬೇಕಿರುವುದು ತಿರುಗಾಮುರುಗಾ: ಮಗುವಿನೆದುರು ನೀವು ಒಮ್ಮೆ ಚೀರಿದರೂ ಪಾಠ ಆಗಿಹೋಗುತ್ತದೆ.

ಕಲಿತ ಭಯವನ್ನು ಇಳಿಸಲೂಬಹುದು. ಸ್ವೀಡನ್ನಿನ ಲಾರ್ಸ್-ಗೋರನ್ ಓಸ್ಟ್ ರೂಪಿಸಿದ ಒಂದೇ ಬೈಠಕ್ಕಿನ ಚಿಕಿತ್ಸೆ ಹೆಚ್ಚೆಂದರೆ ಮೂರು ಗಂಟೆಯದು. ಜೇಡವೋ ಹಾವೋ, ಮೊದಲು ದೂರದಿಂದ, ಆಮೇಲೆ ಗಾಜಿನಾಚೆಯಿಂದ, ಆಮೇಲೆ ಹತ್ತಿರದಿಂದ ತೋರಿಸುತ್ತಾರೆ. ಪ್ರತಿ ಮೆಟ್ಟಿಲಲ್ಲೂ ಭಯ ಅರ್ಧಕ್ಕಿಂತ ಕೆಳಗಿಳಿಯುವವರೆಗೆ ನಿಂತು ಮುಂದೆ ಹೋಗುತ್ತಾರೆ. ಮನೆಯಲ್ಲಿ ಪ್ರಯತ್ನಿಸುವವರು ಎಡವುವುದು ಇಲ್ಲೇ. ಭಯ ತುತ್ತತುದಿಯಲ್ಲಿರುವಾಗ ಎದ್ದು ಓಡಿದರೆ ಸಿಗುವ ಹಾಯೆನ್ನುವ ನೆಮ್ಮದಿಯೇ ಬಹುಮಾನವಾಗಿ, ಓಡಿದ್ದರಿಂದ ಬದುಕಿದೆ ಎಂದು ಮನಸ್ಸು ಬರೆದುಕೊಳ್ಳುತ್ತದೆ. ಭಯ ಇನ್ನಷ್ಟು ಗಟ್ಟಿಯಾಗುತ್ತದೆ.

ಪ್ರಶ್ನೆ: ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುತ್ತದೆ, ಬೆವರುತ್ತೇನೆ. ಇಷ್ಟು ಸುಳ್ಳು ಎಚ್ಚರಿಕೆ ಕೊಡುವ ಮನಸ್ಸನ್ನು ವಿಕಾಸ ಏಕೆ ಉಳಿಸಿಕೊಂಡಿತು?

ಉತ್ತರ: ಒಂದು ಸಣ್ಣ ಲೆಕ್ಕ ಹಾಕೋಣ. ಪೊದೆಯಲ್ಲಿ ಸದ್ದಾಯಿತು. ಸುಮ್ಮನೆ ಓಡಿದರೆ 100 ಕ್ಯಾಲೊರಿ ವ್ಯರ್ಥ ಎನ್ನಿ. ಓಡದೆ ನಿಂತು, ಪೊದೆಯಲ್ಲಿ ನಿಜಕ್ಕೂ ಚಿರತೆ ಇದ್ದರೆ ಆಗುವ ನಷ್ಟ 10,000 ಕ್ಯಾಲೊರಿಗೆ ಸಮ ಎನ್ನಿ. 100ನ್ನು 10,000ದಿಂದ ಭಾಗಿಸಿದರೆ ನೂರರಲ್ಲಿ ಒಂದು. ಚಿರತೆ ಇರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಹೆಚ್ಚಿದ್ದರೆ ಓಡುವುದೇ ಲಾಭ. ಆ ಗಡಿಯಲ್ಲಿ ನೂರು ಸಲ ಓಡಿದರೆ ತೊಂಬತ್ತೊಂಬತ್ತು ಸಲ ಪೊದೆಯಲ್ಲಿ ಗಾಳಿಯಷ್ಟೇ ಇರುತ್ತದೆ. ಆದರೂ ಯಂತ್ರ ಸರಿಯಾಗಿಯೇ ಕೆಲಸ ಮಾಡಿದೆ. ವೈದ್ಯವಿಜ್ಞಾನಿ ರಾಂಡಾಲ್ಫ್ ನೆಸ್ಸಿ ಇದನ್ನು ಹೊಗೆ ಪತ್ತೆ ಮಾಡುವ ಅಲಾರ್ಮಿಗೆ ಹೋಲಿಸಿದರು. ಒಗ್ಗರಣೆಯ ಹೊಗೆಗೂ ಕೂಗುವ ಅಲಾರ್ಮನ್ನು ನಾವು ಸಹಿಸುತ್ತೇವೆ, ಮನೆ ಉರಿಯುವಾಗ ಮಲಗಿರುವ ಅಲಾರ್ಮನ್ನಲ್ಲ.

ಮೈಯಲ್ಲಿ ಆಗುವ ಒಂದೊಂದೂ ಓಟದ ಸಿದ್ಧತೆ. ಎದೆ ಹೊಡೆದುಕೊಳ್ಳುವುದು ಸ್ನಾಯುಗಳಿಗೆ ರಕ್ತ ನೂಕಲು, ಬೆವರು ಮೈ ತಣಿಸಲು. ಉಸಿರು ಜೋರಾದಾಗ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗುತ್ತದೆ, ಓಡದೆ ಕುಳಿತೇ ಇದ್ದರೆ ತಲೆಸುತ್ತು, ಬೆರಳ ತುದಿಯ ಜುಮುಜುಮು ಇದರಿಂದಲೇ. ಆಗ ದೊಡ್ಡದಾಗಿ ಉಸಿರೆಳೆದುಕೊಳ್ಳುವುದು ತಪ್ಪು ಉಪಾಯ, ಅದರಿಂದ ತಲೆಸುತ್ತು ಹೆಚ್ಚುತ್ತದೆ. ಮೆಲ್ಲಗೆ ಎಳೆದು, ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಬಿಡಿ. ಅಬ್ಬರ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯುತ್ತದೆ. ಮೊದಲ ಸಲ ಎದೆನೋವು ಜೊತೆಗಿದ್ದರೆ ಹೃದಯದ ತೊಂದರೆ ಅಲ್ಲವೆಂದು ವೈದ್ಯರಲ್ಲಿ ಖಚಿತ ಮಾಡಿಕೊಳ್ಳಲೇಬೇಕು. ಆತಂಕ ವಾರಗಟ್ಟಲೆ ನಿದ್ದೆ, ಕೆಲಸ ಕೆಡಿಸುತ್ತಿದ್ದರೆ ಅದು ಸಾಮಾನ್ಯ ಸುಳ್ಳು ಎಚ್ಚರಿಕೆಯ ಮಟ್ಟವನ್ನು ದಾಟಿದೆ. ಅದಕ್ಕೆ ಚಿಕಿತ್ಸೆ ಇದೆ.

ಪ್ರಶ್ನೆ: ನಮ್ಮೊಳಗೆ ಒಂದು ‘ಹಲ್ಲಿ ಮಿದುಳು’ ಇದೆ, ಕೋಪ ಬಂದಾಗ ಅದೇ ಗೆಲ್ಲುತ್ತದೆ ಎಂದು ತರಬೇತಿಯೊಂದರಲ್ಲಿ ಹೇಳಿದರು. ನಿಜವೇ?

ಉತ್ತರ: ಇಲ್ಲ. ಕೆಳಗೆ ಸರೀಸೃಪದ ಪದರ, ನಡುವೆ ಭಾವನೆಯ ಪದರ, ಮೇಲೆ ವಿವೇಕದ ಪದರ ಎಂಬ ಚಿತ್ರವನ್ನು ಪಾಲ್ ಮೆಕ್ಲೀನ್ 1960ರ ದಶಕದಲ್ಲಿ ಮುಂದಿಟ್ಟರು. ನೆನಪಿಡಲು ಸುಲಭವಾದ್ದರಿಂದ ಉಳಿದುಕೊಂಡಿದೆ. ಮಿದುಳುಗಳನ್ನು ಹೋಲಿಸಿ ಅಧ್ಯಯನ ಮಾಡುವವರು ಅದನ್ನು ಕೈಬಿಟ್ಟು ಬಹಳ ಕಾಲವಾಯಿತು.

ನಾವು ಹಲ್ಲಿಯಿಂದ ಬಂದವರಲ್ಲ. ಅದರ ವಂಶ, ನಮ್ಮ ವಂಶ ಸುಮಾರು 32 ಕೋಟಿ ವರ್ಷಗಳ ಹಿಂದೆ ಬೇರೆಯಾದವು. ಅಂದಿನಿಂದ ಹಲ್ಲಿಯ ಮಿದುಳೂ ಬದಲಾಗಿದೆ, ನಮ್ಮದೂ ಬದಲಾಗಿದೆ. ‘ಹಲ್ಲಿಯ ಭಾಗ’ ಎಂದು ಕರೆದ ರಚನೆಗಳು ಮೀನಿನಲ್ಲೂ ಇವೆ, ‘ಸಸ್ತನಿಯದು’ ಎಂದುಕೊಂಡ ಹೊದಿಕೆಯ ಸಮಾನ ಭಾಗ ಸರೀಸೃಪಗಳಲ್ಲೂ ಇದೆ. ವಿಕಾಸ ಹಳೆ ಮನೆಯ ಮೇಲೆ ಹೊಸ ಮಹಡಿ ಕಟ್ಟಲಿಲ್ಲ, ಇದ್ದ ಕೋಣೆಗಳನ್ನೇ ಹಿಗ್ಗಿಸಿ, ಕುಗ್ಗಿಸಿ, ದಾರಿ ಬದಲಿಸಿತು. ಮನುಷ್ಯನ ಸುಮಾರು 8,600 ಕೋಟಿ ನರಕೋಶಗಳಲ್ಲಿ ವಿವೇಕದ ಗದ್ದುಗೆ ಎನ್ನಿಸಿಕೊಂಡ ಮೇಲ್ಪದರದಲ್ಲಿರುವುದು 1,600 ಕೋಟಿ ಮಾತ್ರ. ಹೆಚ್ಚಿನವು ಹಿಂಭಾಗದ ಕಿರುಮಿದುಳಿನಲ್ಲಿವೆ.

ಭಯದ ಕೇಂದ್ರ ಎಂದು ಹೆಸರಾದ, ಅಮಿಗ್ಡಲ ಎಂಬ ಮಿದುಳಿನ ಭಾಗದ ಕಥೆಯೂ ಹೀಗೇ. 2013ರಲ್ಲಿ, ಎರಡೂ ಬದಿಯ ಅಮಿಗ್ಡಲ ಹಾಳಾಗಿದ್ದ ಮೂವರು ಶೇ. 35ರಷ್ಟು ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿ ಉಸಿರಾಡಿದಾಗ ಮೂವರಿಗೂ ವಿಪರೀತ ದಿಗಿಲಾಯಿತು. ಕೋಪಕ್ಕೆ ಹಲ್ಲಿಯನ್ನು ಹೊಣೆ ಮಾಡುವ ಮಾತನ್ನು ತರಬೇತಿಯವರು ಇನ್ನಾದರೂ ಬಿಡಲಿ.

ಪ್ರಶ್ನೆ: ಮೋಸಗಾರರನ್ನು ಗುರುತಿಸಲೆಂದೇ ಮಿದುಳಿನಲ್ಲಿ ವಿಶೇಷ ಸಾಮರ್ಥ್ಯ ಬೆಳೆದಿದೆ ಎನ್ನುತ್ತಾರೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದೇ?

ಉತ್ತರ: ಬಹುದು, ನಾಲ್ಕು ಚೀಟಿ ಸಾಕು. ಪೀಟರ್ ವೇಸನ್ 1966ರಲ್ಲಿ ಕೊಟ್ಟ ಒಗಟನ್ನು ಕನ್ನಡಕ್ಕೆ ಹೊಂದಿಸಿದ್ದೇವೆ. ಪ್ರತಿ ಚೀಟಿಯ ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. ಮೇಜಿನ ಮೇಲೆ ಕಾಣುವುದು: ಅ, ಕ, 4, 7. ನಿಯಮ: ಒಂದು ಬದಿ ಸ್ವರವಿದ್ದರೆ ಇನ್ನೊಂದು ಬದಿ ಸಮಸಂಖ್ಯೆ ಇರಬೇಕು. ನಿಯಮ ಮುರಿದಿದೆಯೇ ಎಂದು ತಿಳಿಯಲು ಯಾವ ಚೀಟಿಗಳನ್ನು ಮಗುಚಲೇಬೇಕು?

ಹೆಚ್ಚಿನವರು ‘ಅ’ ಮತ್ತು ‘4’ ಎನ್ನುತ್ತಾರೆ. ಸರಿಯುತ್ತರ ‘ಅ’ ಮತ್ತು ‘7’. 4ರ ಹಿಂದೆ ಏನಿದ್ದರೂ ನಿಯಮ ಮುರಿಯುವುದಿಲ್ಲ, ಏಕೆಂದರೆ ವ್ಯಂಜನದ ಹಿಂದೆ ಸಮಸಂಖ್ಯೆ ಇರಬಾರದೆಂದು ಯಾರೂ ಹೇಳಿಲ್ಲ. 7ರ ಹಿಂದೆ ಸ್ವರವಿದ್ದರೆ ಮಾತ್ರ ಮುರಿಯುತ್ತದೆ. ಸಾಮಾನ್ಯವಾಗಿ ಹತ್ತರಲ್ಲಿ ಒಬ್ಬರು ಸರಿ ಹೇಳುತ್ತಾರೆ.

ಈಗ ಅದೇ ಒಗಟಿನ ವೇಷ ಬದಲಿಸಿ. 1982ರಲ್ಲಿ ಅಮೆರಿಕದ ಫ್ಲಾರಿಡಾದ ವಿದ್ಯಾರ್ಥಿಗಳಿಗೆ ಕೊಟ್ಟ ನಿಯಮ: ಬಿಯರ್ ಕುಡಿಯುತ್ತಿದ್ದರೆ ವಯಸ್ಸು 19 ದಾಟಿರಬೇಕು. ಚೀಟಿಗಳು: ಬಿಯರ್, ಕೋಲಾ, 22 ವರ್ಷ, 16 ವರ್ಷ. ನಾಲ್ವರಲ್ಲಿ ಸುಮಾರು ಮೂವರು ಬಿಯರಿನ ಮತ್ತು 16 ವರ್ಷದ ಚೀಟಿ ಎಂದು ತಟ್ಟನೆ ಹೇಳಿದರು. ತರ್ಕದ ಚೌಕಟ್ಟು ಒಂದೇ, ಬದಲಾದದ್ದು ವಿಷಯ ಮಾತ್ರ.

1989ರಲ್ಲಿ ಲೀಡಾ ಕಾಸ್ಮೈಡ್ಸ್ ಇದನ್ನು ಮುಂದೆ ಒಯ್ದರು. ಕೇಳಿದವರಿಗೆ ಪರಿಚಯವೇ ಇಲ್ಲದ, ಕಲ್ಪಿತ ಸಮಾಜದ ನಿಯಮವಾದರೂ ಸರಿ, ಅದು ‘ಲಾಭ ಪಡೆದರೆ ಬೆಲೆ ತೆರಬೇಕು’ ಎಂಬ ರೂಪದಲ್ಲಿದ್ದರೆ ಜನ ಚೆನ್ನಾಗಿ ಉತ್ತರಿಸುತ್ತಾರೆ. ನಿಯಮವನ್ನು ಹಿಂದುಮುಂದು ಮಾಡಿ ಹೇಳಿದಾಗ ತರ್ಕದ ಪ್ರಕಾರ ತಪ್ಪಾದ ಚೀಟಿಗಳನ್ನೇ ಆರಿಸುತ್ತಾರೆ, ಆದರೆ ಅವು ಮೋಸಗಾರನನ್ನು ಹಿಡಿಯುವ ಚೀಟಿಗಳಾಗಿರುತ್ತವೆ. ಹಿನ್ನೆಲೆಯಲ್ಲಿ ಇರುವುದು ರಾಬರ್ಟ್ ಟ್ರಿವರ್ಸ್ 1971ರಲ್ಲಿ ಮಂಡಿಸಿದ ವಿಚಾರ: ಇಂದು ನಾನು ನಿನಗೆ, ನಾಳೆ ನೀನು ನನಗೆ ಎಂಬ ಸಹಕಾರ ತಲೆಮಾರುಗಳವರೆಗೆ ಬಾಳಬೇಕಾದರೆ, ಪಡೆದು ಕೊಡದವರನ್ನು ಗುರುತಿಡುವ ಮನಸ್ಸು ಬೇಕೇ ಬೇಕು.

ಇದರಿಂದ ಮಿದುಳಿನಲ್ಲಿ ಅದಕ್ಕೇ ಮೀಸಲಾದ ಯಂತ್ರವಿದೆ ಎಂದು ಸಾಬೀತಾಯಿತೇ? ನಮ್ಮ ಅಭಿಪ್ರಾಯದಲ್ಲಿ ಅಷ್ಟು ದೂರ ಹೋಗಲಾಗದು. ‘ಕೈಗವಸು ಹಾಕದೆ ವಿಷ ಮುಟ್ಟಬೇಡ’ ಎಂಬ ಮುನ್ನೆಚ್ಚರಿಕೆಯ ನಿಯಮದಲ್ಲೂ ಜನ ಚೆನ್ನಾಗಿ ಉತ್ತರಿಸುತ್ತಾರೆ, ಅಲ್ಲಿ ಮೋಸದ ಮಾತೇ ಇಲ್ಲ. ಅನುಮತಿ-ಕರ್ತವ್ಯಗಳ ಭಾಷೆಯಲ್ಲಿ ಹೇಳಿದರೆ ಯಾವ ನಿಯಮವಾದರೂ ಹಗುರಾಗುತ್ತದೆ ಎಂಬ ವಾದವೂ ಗಟ್ಟಿಯಾಗಿದೆ. ಮನೆಯಲ್ಲಿ ಮಾಡುವಾಗ ಒಬ್ಬರಿಗೆ ಎರಡೂ ಒಗಟು ಕೊಡಬೇಡಿ. ಮೊದಲನೆಯದರ ಉತ್ತರ ಎರಡನೆಯದಕ್ಕೆ ಸುಳಿವಾಗುತ್ತದೆ. ಅರ್ಧ ಜನಕ್ಕೆ ಒಂದು, ಉಳಿದವರಿಗೆ ಇನ್ನೊಂದು ಕೊಟ್ಟು ಎಣಿಸಿ.

ಪ್ರಶ್ನೆ: ಸಿಹಿ ಮತ್ತು ಮೊಬೈಲ್, ಎರಡನ್ನೂ ಬಿಡಲಾಗುತ್ತಿಲ್ಲ. ಇದಕ್ಕೂ ವಿಕಾಸವೇ ಕಾರಣವೇ?

ಉತ್ತರ: ಅರ್ಧ ಕಾರಣ. ಸಿಹಿ ಎಂಬುದು ಸಕ್ಕರೆಯೊಳಗಿರುವ ಗುಣವಲ್ಲ, ಸಕ್ಕರೆಗೆ ನಾಲಗೆಯೂ ಮಿದುಳೂ ಕೊಡುವ ಅಂಕ. ಬೆಕ್ಕಿಗೆ ಸಿಹಿ ರುಚಿಯೇ ಇಲ್ಲ. ಸಿಹಿಯನ್ನು ಗ್ರಹಿಸುವ ಗ್ರಾಹಿಯ ಒಂದು ವಂಶವಾಹಿ ಅದರಲ್ಲಿ ಕೆಟ್ಟು ಕೂತಿದೆ. ಮಾಂಸವನ್ನೇ ತಿನ್ನುವ ಪ್ರಾಣಿಗೆ ಅದರಿಂದ ನಷ್ಟವಾಗಲಿಲ್ಲ. ಮಾಗಿದ ಹಣ್ಣು ಹುಡುಕುತ್ತಿದ್ದ ನಮ್ಮ ಪೂರ್ವಜರಿಗೆ ನಷ್ಟವಾಗುತ್ತಿತ್ತು.

ಮೊಬೈಲಿನ ವಿಷಯಕ್ಕೆ ಕಡಲಹಕ್ಕಿಯ ಮರಿ ನೆನಪಾಗುತ್ತದೆ. ಹೆರಿಂಗ್ ಗಲ್ ಹಕ್ಕಿಯ ಹಳದಿ ಕೊಕ್ಕಿನ ಮೇಲೆ ಕೆಂಪು ಚುಕ್ಕೆ ಇದೆ. ಮರಿ ಅದನ್ನು ಕುಟುಕಿದರೆ ತಾಯಿ ಗುಟುಕು ಕೊಡುತ್ತದೆ. ನಿಕೊ ಟಿನ್‌ಬರ್ಗನ್ ತಾಯಿಯ ತಲೆಯ ನಿಜರೂಪದ ಮಾದರಿಯೊಂದನ್ನೂ, ಮೂರು ಬಿಳಿ ಪಟ್ಟೆ ಬಳಿದ ತೆಳ್ಳನೆಯ ಕೆಂಪು ಕಡ್ಡಿಯೊಂದನ್ನೂ ಮರಿಯ ಮುಂದೆ ಹಿಡಿದರು. ಮರಿ ಹೆಚ್ಚು ಕುಟುಕಿದ್ದು ಕಡ್ಡಿಯನ್ನು. ಕಡ್ಡಿಯಲ್ಲಿ ಆಹಾರವಿರಲಿಲ್ಲ, ಸುಳಿವು ಮಾತ್ರ ತಾಯಿಗಿಂತ ತೀಕ್ಷ್ಣವಾಗಿತ್ತು. ನಮ್ಮನ್ನು ಯಾರು ಗಮನಿಸುತ್ತಿದ್ದಾರೆ, ಯಾರು ಮೆಚ್ಚಿದರು, ಗುಂಪಿನಲ್ಲಿ ಏನು ನಡೆಯಿತು ಎನ್ನುವುದು ಸಣ್ಣ ಗುಂಪುಗಳಲ್ಲಿ ಬಾಳಿದ ಮನುಷ್ಯನಿಗೆ ಅತ್ಯಗತ್ಯ ಸುದ್ದಿ. ಮೊಬೈಲ್ ಆ ಸುದ್ದಿಯ ಕೆಂಪು ಕಡ್ಡಿ.

ಉಳಿದರ್ಧ ಕಾರಣ ವಿನ್ಯಾಸದ್ದು. ಬಹುಮಾನ ಯಾವಾಗ ಬರುತ್ತದೆಂದು ತಿಳಿಯದಂತೆ ಇಟ್ಟರೆ ಪ್ರಾಣಿ ಬಿಡದೆ ಗುಂಡಿ ಒತ್ತುತ್ತದೆ ಎಂದು ಸ್ಕಿನ್ನರನ ಪಾರಿವಾಳಗಳ ಕಾಲದಿಂದ ಗೊತ್ತು. ಹೀಗಾಗಿ ಮನಸ್ಸು ಗಟ್ಟಿ ಮಾಡಿಕೊಳ್ಳುವುದಕ್ಕಿಂತ ಸುಳಿವನ್ನು ಕಣ್ಣಿಂದ ಮರೆಮಾಡುವುದು ಫಲಿಸುತ್ತದೆ. ಸೂಚನೆಗಳ ಸದ್ದು ಪೂರ್ತಿ ಆರಿಸಿ, ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಹಾಕಿ. ಮೇಜಿನ ಮೇಲೆ ಕಣ್ಣೆದುರೇ ಇಟ್ಟುಕೊಂಡು ಮುಟ್ಟುವುದಿಲ್ಲ ಎಂದುಕೊಂಡರೆ ಸೋಲುತ್ತೀರಿ. ಸಿಹಿಗೂ ಇದೇ ಮಾತು.

ಪ್ರಶ್ನೆ: ಬುದ್ಧಿಶಕ್ತಿ, ಸ್ವಭಾವ ಇವು ಶೇ. 50ರಷ್ಟು ವಂಶವಾಹಿಯಿಂದ ಬರುತ್ತವಂತೆ. ಹಾಗಾದರೆ ನನ್ನ ಮಗಳ ಅರ್ಧ ಬುದ್ಧಿ ನಮ್ಮದು, ಉಳಿದರ್ಧ ಶಾಲೆಯದು ಎಂದು ತಿಳಿಯಬಹುದೇ?

ಉತ್ತರ: ಆ ಅಂಕಿ ಎಲ್ಲಿಂದಲೋ ಹುಟ್ಟಿದ್ದಲ್ಲ. ಐವತ್ತು ವರ್ಷಗಳ ಅವಳಿಗಳ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ, 17,804 ಲಕ್ಷಣಗಳ ಸರಾಸರಿ ತೆಗೆದಾಗ ಬಂದದ್ದು ಶೇ. 49. ಆದರೆ ನೀವು ಮಾಡಿದಂತೆ ಅದನ್ನು ಓದಬಾರದು. ಇದು ಒಬ್ಬ ವ್ಯಕ್ತಿಯನ್ನು ಪಾಲು ಮಾಡುವ ಲೆಕ್ಕವಲ್ಲ, ಒಂದು ಗುಂಪಿನ ಜನರ ನಡುವಿನ ವ್ಯತ್ಯಾಸವನ್ನು ಪಾಲು ಮಾಡುವ ಲೆಕ್ಕ.

ಕೈಬೆರಳನ್ನು ನೋಡಿ. ಐದು ಬೆರಳು ಮೂಡಿಸುವುದು ಪೂರ್ತಿ ವಂಶವಾಹಿಗಳ ಕೆಲಸ. ಆದರೆ ಜನರ ನಡುವೆ ಬೆರಳಿನ ಎಣಿಕೆಯಲ್ಲಿರುವ ವ್ಯತ್ಯಾಸ ಬಹುಪಾಲು ಅಪಘಾತಗಳಿಂದ ಬಂದದ್ದು. ಆದ್ದರಿಂದ ಬೆರಳ ಸಂಖ್ಯೆಯ ವಂಶಾನುಗತ ಪಾಲು ಸೊನ್ನೆಯ ಹತ್ತಿರ! ರಿಚರ್ಡ್ ಲೆವಾಂಟಿನ್ ಕೊಟ್ಟ ಬೀಜದ ಉದಾಹರಣೆ ಇನ್ನೂ ಸ್ಪಷ್ಟ. ತರಹೇವಾರಿ ಬೀಜದ ಒಂದೇ ಚೀಲದಿಂದ ಎರಡು ಹಿಡಿ ತೆಗೆದು, ಒಂದನ್ನು ಎಲ್ಲ ಪೋಷಕಾಂಶವಿರುವ ಮಣ್ಣಿನಲ್ಲೂ ಇನ್ನೊಂದನ್ನು ಬಡ ಮಣ್ಣಿನಲ್ಲೂ ಬಿತ್ತಿ. ಪ್ರತಿ ಪಾತಿಯೊಳಗೆ ಮಣ್ಣು ಒಂದೇ ಆದ್ದರಿಂದ ಗಿಡಗಳ ಎತ್ತರದ ಏರುಪೇರು ಪೂರ್ತಿ ಬೀಜದ್ದು. ಎರಡು ಪಾತಿಗಳ ನಡುವಿನ ವ್ಯತ್ಯಾಸ ಪೂರ್ತಿ ಮಣ್ಣಿನದು. ಗುಂಪಿನೊಳಗಿನ ಅಂಕಿಯನ್ನು ತಂದು ಎರಡು ಜನಾಂಗಗಳ ನಡುವೆ ಹೋಲಿಸುವವರು ಇದನ್ನು ಮರೆಯುತ್ತಾರೆ. ಆ ಮರೆವಿನಿಂದ ಇತಿಹಾಸದಲ್ಲಿ ಘೋರ ಅನ್ಯಾಯಗಳಾಗಿವೆ.

ವಂಶಾನುಗತ ಪಾಲು ಹೆಚ್ಚಿದ್ದರೆ ಬದಲಾಯಿಸಲಾಗದು ಎನ್ನುವುದೂ ಸುಳ್ಳು. ಎತ್ತರದಲ್ಲಿ ಈ ಪಾಲು ಸುಮಾರು ಶೇ. 80. ಆದರೂ ದಕ್ಷಿಣ ಕೊರಿಯಾದಲ್ಲಿ 1996ರಲ್ಲಿ ಹುಟ್ಟಿದ ಹೆಣ್ಣುಮಕ್ಕಳು 1896ರಲ್ಲಿ ಹುಟ್ಟಿದವರಿಗಿಂತ ಸುಮಾರು 20 ಸೆಂಟಿಮೀಟರ್ ಎತ್ತರ ಬೆಳೆದರು. ನೂರು ವರ್ಷದಲ್ಲಿ ವಂಶವಾಹಿಗಳು ಅಷ್ಟು ಬದಲಾಗಲಿಲ್ಲ, ಬದಲಾದದ್ದು ಊಟ ಮತ್ತು ಆರೋಗ್ಯ. ನಿಮ್ಮ ಮಗಳ ವಿಷಯದಲ್ಲಿ ಶೇ. 50 ಎಂಬ ಅಂಕಿಯಿಂದ ತಿಳಿಯುವುದು ಏನೂ ಇಲ್ಲ.

ಪ್ರಶ್ನೆ: ಮುಟ್ಟು ನಿಂತ ಮೇಲೂ ಹೆಂಗಸರು ದಶಕಗಟ್ಟಲೆ ಬದುಕುತ್ತಾರೆ. ಮಕ್ಕಳನ್ನು ಹೆರುವುದೇ ವಿಕಾಸದ ಗುರಿಯಾದರೆ ಇದು ಹೇಗೆ?

ಉತ್ತರ: ಮೊದಲು ಒಂದು ತಿದ್ದುಪಡಿ: ವಿಕಾಸಕ್ಕೆ ಗುರಿ ಇಲ್ಲ. ಉಳಿದ ಮಕ್ಕಳು, ಅವರಿಗೆ ಹುಟ್ಟಿ ಉಳಿದ ಮೊಮ್ಮಕ್ಕಳು, ಇವರ ಮೂಲಕ ಯಾವ ವಂಶವಾಹಿಗಳು ಮುಂದೆ ಸಾಗಿದವು ಎಂಬುದಷ್ಟೇ ಲೆಕ್ಕ. ಮುಟ್ಟು ನಿಂತ ಮೇಲಿನ ದೀರ್ಘಾಯುಷ್ಯ ಪ್ರಾಣಿಲೋಕದಲ್ಲಿ ತೀರಾ ಅಪರೂಪ. ಓರ್ಕಾ ಸೇರಿದಂತೆ ಹಲ್ಲಿರುವ ಕೆಲವು ತಿಮಿಂಗಿಲಗಳಲ್ಲಿ ಇದೆ. ಉಗಾಂಡದ ಎನ್ಗೋಗೊ ಕಾಡಿನ ಚಿಂಪಾಂಜಿಗಳಲ್ಲೂ ಇದೆ ಎಂದು 2023ರಲ್ಲಿ ವರದಿಯಾಯಿತು.

ಮನುಷ್ಯನಲ್ಲಿ ಸಮಸ್ಯೆ ಇರುವುದು ಮಗುವಿನ ಖರ್ಚಿನಲ್ಲಿ. ದೊಡ್ಡವರ ಮಿದುಳು ದೇಹದ ತೂಕದ ಶೇ. 2ರಷ್ಟಿದ್ದು, ವಿಶ್ರಾಂತಿಯಲ್ಲಿ ಶೇ. 20ರಷ್ಟು ಶಕ್ತಿ ತಿನ್ನುತ್ತದೆ. ಐದು ವರ್ಷದ ಆಸುಪಾಸಿನ ಮಗುವಿನಲ್ಲಿ ಮಿದುಳಿನ ಪಾಲು ದಿನದ ಒಟ್ಟು ಶಕ್ತಿಯ ಶೇ. 40 ದಾಟುತ್ತದೆ. ಅಂಥ ಮಗು ಹದಿಹರೆಯದ ಕೊನೆಯವರೆಗೂ ತನ್ನ ಪೂರ್ತಿ ಆಹಾರ ತಾನೇ ದುಡಿಯಲಾರದು. ಹಾಗಿದ್ದೂ ಬೇಟೆ-ಸಂಗ್ರಹದಿಂದ ಬಾಳುವ ಸಮಾಜಗಳಲ್ಲಿ ಮೂರು-ನಾಲ್ಕು ವರ್ಷಕ್ಕೊಂದು ಮಗು. ಚಿಂಪಾಂಜಿಯಲ್ಲಿ ಐದಾರು ವರ್ಷಕ್ಕೊಂದು. ಒಬ್ಬ ತಾಯಿಯಿಂದ ಇದು ಆಗದ ಮಾತು. ಟಾಂಜಾನಿಯಾದ ಹಡ್ಜಾ ಜನರ ನಡುವೆ ಕೆಲಸ ಮಾಡಿದ ಕ್ರಿಸ್ಟನ್ ಹಾಕ್ಸ್, ಗಟ್ಟಿ ನೆಲ ಅಗೆದು ಗೆಡ್ಡೆ ತರುವ ಅಜ್ಜಿಯರ ದುಡಿಮೆಗೂ ಹಾಲು ಬಿಟ್ಟ ಮೊಮ್ಮಕ್ಕಳ ಬೆಳವಣಿಗೆಗೂ ನಂಟು ಕಂಡರು. ಫಿನ್ಲೆಂಡ್ ಮತ್ತು ಕೆನಡಾದ ಹಳೆಯ ದಾಖಲೆಗಳಲ್ಲಿ, ಐವತ್ತು ದಾಟಿದ ಮೇಲೆ ಬದುಕಿದ ಪ್ರತಿ ಹತ್ತು ವರ್ಷಕ್ಕೆ ಒಬ್ಬ ಹೆಂಗಸಿಗೆ ಸುಮಾರು ಇಬ್ಬರು ಹೆಚ್ಚುವರಿ ಮೊಮ್ಮಕ್ಕಳು ಸಿಕ್ಕಿದ್ದು ಕಾಣುತ್ತದೆ.

ಹಲವು ಕೈಗಳಲ್ಲಿ ಬೆಳೆಯುವ ಮಗುವಿಗೆ, ಯಾರು ತನ್ನವರು, ಯಾರ ಮುಖದಲ್ಲಿ ಒಲವಿದೆ ಎಂದು ಓದುವ ಕಲೆ ಹೊಟ್ಟೆಪಾಡಿನ ವಿಷಯವಾಗುತ್ತದೆ. ವರ್ಷ ತುಂಬುವ ಹೊತ್ತಿಗೆ ಮಗು ಬೆರಳು ತೋರಿಸಿ, ತಾನು ಕಂಡದ್ದನ್ನು ನೀವೂ ಕಂಡಿರಾ ಎಂದು ನಿಮ್ಮ ಮುಖ ನೋಡುತ್ತದೆ. ಮನುಷ್ಯನ ಮನಸ್ಸಿನ ವಿಶೇಷ ಕಲ್ಲಿನ ಆಯುಧಗಳಲ್ಲಿ ಇರುವಷ್ಟೇ ಈ ನೋಟದಲ್ಲೂ ಇದೆ ಎಂದು ನಾವು ನಂಬುತ್ತೇವೆ.

ಪ್ರಶ್ನೆ: ಗಂಡಸಿನ ಚಂಚಲತೆ ವಿಕಾಸದ ನಿಯಮ, ಅವನನ್ನು ದೂರಿ ಫಲವಿಲ್ಲ ಎನ್ನುವವರಿಗೆ ಏನು ಹೇಳಬೇಕು?

ಉತ್ತರ: ಎರಡು ಮಾತು ಹೇಳಿ. ಒಂದು, ಹೀಗಿದೆ ಎನ್ನುವುದರಿಂದ ಹೀಗಿರಬೇಕು ಎಂಬುದು ಹುಟ್ಟುವುದಿಲ್ಲ. ಸಿಡುಬೂ ವಿಕಾಸದ್ದೇ ಕೂಸು, ಅದನ್ನು ಅಳಿಸಿದೆವು. ಎರಡು, ‘ಹೀಗಿದೆ’ ಎಂಬ ಭಾಗವೇ ಅರ್ಧ ಸತ್ಯ. ಗರ್ಭ, ಹಾಲೂಡಿಕೆಗಳಿಂದಾಗಿ ಹೆಣ್ಣಿನ ಕನಿಷ್ಠ ಖರ್ಚು ದೊಡ್ಡದು, ಇದರಿಂದ ಸರಾಸರಿಯಲ್ಲಿ ಕೆಲವು ವ್ಯತ್ಯಾಸ ಬರಬಹುದು ಎಂದು ಟ್ರಿವರ್ಸ್ 1972ರಲ್ಲಿ ವಾದಿಸಿದರು. ಡೇವಿಡ್ ಬಸ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ, 37 ಸಂಸ್ಕೃತಿಗಳ 10,047 ಜನರ ಸಮೀಕ್ಷೆಯಲ್ಲಿ ಅಂಥ ವ್ಯತ್ಯಾಸಗಳು ಕಂಡವು: ಸಂಗಾತಿಯನ್ನು ಆರಿಸುವಾಗ ಗಂಡಸರು ಕಿರಿಯ ವಯಸ್ಸಿಗೆ, ಹೆಂಗಸರು ಸಂಪಾದನೆಯ ಸಾಮರ್ಥ್ಯಕ್ಕೆ ಸರಾಸರಿ ತುಸು ಹೆಚ್ಚು ತೂಕ ಕೊಟ್ಟರು. ಆದರೆ ಗಂಡು-ಹೆಣ್ಣು ಇಬ್ಬರೂ ಮೇಲಿನ ಸಾಲಿನಲ್ಲಿ ಇಟ್ಟದ್ದು ಕರುಣೆ ಮತ್ತು ಬುದ್ಧಿಯನ್ನು. ಈ ಭಾಗವನ್ನು ಉಲ್ಲೇಖಿಸುವವರು ಕಡಿಮೆ.

ಮನುಷ್ಯನ ಗಂಡು ತಂದೆಯೂ ಹೌದು. ಫಿಲಿಪ್ಪೀನ್ಸಿನ ಸೆಬುವಿನಲ್ಲಿ 624 ಯುವಕರನ್ನು ಸುಮಾರು ಐದು ವರ್ಷ ಹಿಂಬಾಲಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ತಂದೆಯಾದವರಲ್ಲಿ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನು ಗಣನೀಯವಾಗಿ ಇಳಿದಿತ್ತು. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಮಗುವನ್ನು ನೋಡಿಕೊಂಡವರಲ್ಲಿ ಅದು ಇನ್ನೂ ಕಡಿಮೆ. ಮಗುವನ್ನು ಎತ್ತಿಕೊಳ್ಳುವುದಕ್ಕೂ ಗಂಡಸಿನ ಮೈ ತಯಾರಾಗಿದೆ ಎಂದಾಯಿತು.

ಇಂಥ ವಾದಗಳನ್ನು ಕೇಳಿದಾಗಲೆಲ್ಲ ಒಂದು ಪ್ರಶ್ನೆ ಹಾಕಿ: ಈ ವಿವರಣೆ ಸುಳ್ಳಾಗಿದ್ದರೆ ಏನು ಕಾಣಬೇಕಿತ್ತು? ಉತ್ತರವಿಲ್ಲದಿದ್ದರೆ ಅದು ಬರೀ ಕಥೆ. ಋತುಚಕ್ರದ ದಿನಕ್ಕೆ ತಕ್ಕಂತೆ ಹೆಂಗಸರ ಮೆಚ್ಚುಗೆ ಗಡುಸು ಮುಖದತ್ತ ವಾಲುತ್ತದೆ ಎಂಬ ಮಾತು ವರ್ಷಗಟ್ಟಲೆ ಚಾಲ್ತಿಯಲ್ಲಿತ್ತು. ಮೊದಲ ಅಧ್ಯಯನಗಳಲ್ಲಿ ಜನ ಕಡಿಮೆ, ಫಲವತ್ತಾದ ದಿನಗಳನ್ನು ಅಂದಾಜಿನಿಂದ ಎಣಿಸುತ್ತಿದ್ದರು. ಹೆಚ್ಚು ಜನರನ್ನು ಸೇರಿಸಿ, ಹಾರ್ಮೋನುಗಳನ್ನು ಅಳೆದು ಮಾಡಿದ ದೊಡ್ಡ ಅಧ್ಯಯನಗಳಲ್ಲಿ ಆ ಪರಿಣಾಮ ಕಾಣಿಸಲಿಲ್ಲ.

ಪ್ರಶ್ನೆ: ಮನುಷ್ಯನ ವಿಕಾಸ ನಿಂತುಹೋಗಿದೆಯೇ?

ಉತ್ತರ: ಇಲ್ಲ. ದೊಡ್ಡವರಾದ ಮೇಲೂ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕಳೆದ ಹತ್ತು ಸಾವಿರ ವರ್ಷಗಳಲ್ಲಿ, ಬೇರೆ ಬೇರೆ ಕಡೆ ಸ್ವತಂತ್ರವಾಗಿ ಹರಡಿತು. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರನೇ ಎರಡು ಭಾಗ ಜನರಿಗೆ ಇಂದಿಗೂ ಅದು ಪೂರ್ತಿಯಾಗಿ ಇಲ್ಲ.

ಪ್ರಶ್ನೆ: ಮಾತನ್ನು ತಾನಾಗಿ ಕಲಿತ ಮಗು ಓದು-ಬರಹಕ್ಕೆ ಇಷ್ಟೊಂದು ಒದ್ದಾಡುವುದೇಕೆ? ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುತ್ತಾನೆ.

ಉತ್ತರ: ಮಾತಿಲ್ಲದ ಮಾನವ ಸಮಾಜ ಎಲ್ಲೂ ಇಲ್ಲ. ಬರಹಕ್ಕೆ ಸುಮಾರು ಐದು ಸಾವಿರ ವರ್ಷ ವಯಸ್ಸು, ಅದರಲ್ಲೂ ಬಹುಕಾಲ ಅದು ಕೆಲವೇ ಜನರ ಕೈಯಲ್ಲಿತ್ತು. ಓದಲೆಂದೇ ಮಿದುಳಿನ ಯಾವ ಭಾಗವೂ ವಿಕಾಸವಾಗಿಲ್ಲ. ಮುಖ, ವಸ್ತುಗಳನ್ನು ಗುರುತಿಸಲು ಇದ್ದ ಎಡಬದಿಯ ಒಂದು ಜಾಗವನ್ನು ಓದು ಕಡ ಪಡೆಯುತ್ತದೆ. ಯಾವ ಲಿಪಿ ಓದುವವರಲ್ಲೂ ಆ ಜಾಗ ಹೆಚ್ಚುಕಡಿಮೆ ಒಂದೇ.

ಕಡ ತಂದ ಜಾಗಕ್ಕೆ ಒಂದು ಹಳೆಯ ಅಭ್ಯಾಸವಿದೆ. ಹುಲಿ ಎಡಕ್ಕೆ ಮುಖ ಮಾಡಿದ್ದರೂ ಬಲಕ್ಕೆ ಮಾಡಿದ್ದರೂ ಅದು ಹುಲಿಯೇ, ಎರಡನ್ನೂ ಒಂದೇ ಎಂದು ಗುರುತಿಸುವುದು ಲಾಭ. ಅಕ್ಷರದಲ್ಲಿ ಮಾತ್ರ ಎಡ-ಬಲ ಬದಲಾದರೆ ತಪ್ಪು. ಈ ಒಂದು ಅಭ್ಯಾಸವನ್ನು ಮಗು ಅಕ್ಷರಗಳ ಮಟ್ಟಿಗೆ ಮರೆಯಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಐದಾರು ವರ್ಷದಲ್ಲಿ ಕನ್ನಡಿ ಬರಹ ತೀರಾ ಸಹಜ, ಗದರಿಸಬೇಡಿ. ಕಣ್ಣಿನಿಂದ ಹೋಲಿಸಿ ತೋರಿಸುವ ಬದಲು ಕೈಯಿಂದ ಕಲಿಸಿ. ದೊಡ್ಡದಾಗಿ ಬರೆದ ಅಕ್ಷರದ ಮೇಲೆ ತೋರುಬೆರಳನ್ನು ಪ್ರತಿ ಸಲ ಒಂದೇ ಕಡೆಯಿಂದ ಆರಂಭಿಸಿ ಎಳೆಸಿ, ಎಳೆಯುವಾಗಲೇ ಅದರ ಧ್ವನಿಯನ್ನು ಜೋರಾಗಿ ಹೇಳಿಸಿ. ಕೈ ಚಲಿಸುವ ದಿಕ್ಕಿನಲ್ಲಿ ಎಡ-ಬಲದ ಗೊಂದಲ ಇರುವುದಿಲ್ಲ. ಒಂದೇ ದಿನ ಎರಡು ಹೋಲುವ ಅಕ್ಷರ ಕಲಿಸಬೇಡಿ, ಮೊದಲನೆಯದು ಕೈಗೆ ಕೂತ ಮೇಲೆ ಎರಡನೆಯದು. ಎಂಟು ವರ್ಷ ದಾಟಿದ ಮೇಲೂ ತಿರುಗಿಸುವುದು ನಿಲ್ಲದೆ, ಜೊತೆಗೆ ಅಕ್ಷರವನ್ನು ಧ್ವನಿಗೆ ಜೋಡಿಸಲೂ ಕಷ್ಟಪಡುತ್ತಿದ್ದರೆ ಕಲಿಕೆಯ ತೊಂದರೆಗಳ ತಜ್ಞರಿಗೆ ತೋರಿಸಿ.